ಹಳದಿ ಇಂಟು

ಬಿಚೆನೋ
10 ಫೆಬ್ರುವರಿ 2013

ನೋಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಯಾರೆಂದು ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ.

ನಿನ್ನ ವಿಳಾಸ ಕೊಟ್ಟವನು ನಿನ್ನ ತಮ್ಮ ಕ್ಲೈವ್. ಹೋಬಾರ್ಟಿನ ಶನಿವಾರದ ಸಂತೆಯಲ್ಲಿ ಸೇಬು ಮಾರುತ್ತಿದ್ದ. ಹೇಗಿದ್ದಾಳೆ ಎಂದು ಕೇಳಿದೆ. "ಅವ್ಳಾ? ಅನಾಥ ವಾಲಬಿ ಮರಿಗಳಿಗೆ, ಆ ಗಿಡ್ಡ ಕಾಂಗರೂಗಳಿಗೆ, ಇನ್ನೂ ಬಾಟ್ಲಿ ಹಾಲು ಕುಡಿಸ್ತಾ ಇದಾಳೆ. ಮನುಷ್ಯರ ಜೊತೆ ಮಾತಾಡೋದ್ ಮಾತ್ರ ಬಿಟ್ಬಿಟ್ಟಿದಾಳೆ" ಎಂದ. ಅದು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ನಿನ್ನ ಮಾತು ನಿಲ್ಲಿಸಿದವಳು ನಾನೇ ಅಲ್ಲವೇ?

ನನ್ನ ಮರ್ವ್‌ನ ಮಣ್ಣಿನ ದಿನ, ಊರವರೆಲ್ಲರ ಎದುರು, "ನೀನೇ ಕಣೇ ಅವ್ರಿಗೆ ಈ ಹುಚ್ಚು ಹಿಡಿಸಿದ್ದು, ಸತ್ತ ಪ್ರಾಣಿ ಹಿಂದೆ ಓಡೋ ಹುಚ್ಚು, ನಿನ್ನಿಂದ್ಲೇ ಹೋದ್ರು" ಎಂದುಬಿಟ್ಟೆ. ನೀನು ಬಿಳಿಚಿಕೊಂಡು ಹಾಗೇ ಹಿಂದಕ್ಕೆ ಹೋದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಒಂಬತ್ತು ವರ್ಷ ಆ ಮಾತನ್ನು ನುಂಗಲಾರದೆ ಉಗುಳಲಾರದೆ ಬದುಕಿದ್ದೇನೆ. ಗಂಡನನ್ನು ಕಳೆದುಕೊಂಡ ಸಂಕಟದಲ್ಲಿ ಗೆಳತಿಯನ್ನೂ ಕೈಯಾರೆ ಕಳೆದುಕೊಂಡೆ. ತಪ್ಪು ನನ್ನದು. ಕ್ಷಮಿಸು.

ಕ್ಷಮೆ ಕೇಳುವುದು ಕಾಗದದಲ್ಲಿ ಸುಲಭ. ಆದ್ದರಿಂದ ಇನ್ನೊಂದು ಮಾತು. ನಮ್ಮ ಟ್ಯಾಸ್ಮೇನಿಯಾವನ್ನು ಪೂರ್ತಿ ಒಂದು ಸುತ್ತು ಸುತ್ತಬೇಕೆಂದು ನಾವು ಮೂವರೂ ಎಷ್ಟು ಸಲ ನಕಾಶೆ ಬಿಡಿಸಿ ಕುಳಿತಿದ್ದೆವು, ನೆನಪಿದೆಯೇ? ಪ್ರತಿ ಸಲವೂ ನಾವು ಸಾಕುತ್ತಿದ್ದ ಯಾವುದೋ ಮರಿ ಕಾಯಿಲೆ ಬಿದ್ದು ನಿಂತುಹೋಗುತ್ತಿತ್ತು. ಈಗ ನನ್ನ ಬಳಿ ಒಂದು ವ್ಯಾನ್ ಇದೆ, ಹಿಂದೆ ಇಬ್ಬರು ಮಲಗಬಹುದು, ನೀನು ಗೊರಕೆ ಹೊಡೆಯದಿದ್ದರೆ. ಏಪ್ರಿಲ್‌ನಲ್ಲಿ ಆರು ದಿನ. ಡೋವರಿಗೆ ಬಂದು ನಿನ್ನನ್ನು ಕರೆದುಕೊಳ್ಳುತ್ತೇನೆ. ಮೊದಲ ದಿನ ಸ್ಟ್ರಾನ್. ಎರಡನೇ ದಿನ ಕೊರಿನಾದಲ್ಲಿ ದೋಣಿಯ ಮೇಲೆ ವ್ಯಾನ್ ದಾಟಿಸಿ ಕಾಡಿನ ರಸ್ತೆ ಹಿಡಿದು ನಮ್ಮ ಹಳೆಯ ಊರು ಆರ್ಥರ್ ರಿವರ್. ಅಲ್ಲಿಂದ ಮರಾವಾ, ಸ್ಟ್ಯಾನ್ಲಿ. ಆಮೇಲೆ ಗುಂಡು ಕರಡಿಮರಿಯಂಥ ವಾಂಬ್ಯಾಟ್‌ಗಳು ದನಗಳ ಹಾಗೆ ಮೇಯುವ ನರಾನ್‌ಟಾಪುವಿನ ಹುಲ್ಲುಗಾವಲು, ಕೇಸರಿ ಬಂಡೆಗಳ ಬೇ ಆಫ್ ಫೈರ್ಸ್, ಕೊನೆಗೆ ನಮ್ಮ ಬಿಚೆನೋದ ಪೆಂಗ್ವಿನ್‌ಗಳು. ಅವಕ್ಕೆ ಈಗಾಗಲೇ ನಿನ್ನ ಹೆಸರು ಹೇಳಿಟ್ಟಿದ್ದೇನೆ.

ಬರುತ್ತೀಯಾ?

ಹಳೆಯ ನೆರೆಮನೆಯವಳು,
ಬೆರಿಲ್


ಡೋವರ್
3 ಮಾರ್ಚ್ 2013

ಬೆರಿಲ್,

ನಿನ್ನ ಕಾಗದ ಬಂದು ಮೂರು ವಾರವಾಗುತ್ತಾ ಬಂತು. ಅಡುಗೆಮನೆಯ ಮೇಜಿನ ಮೇಲೆಯೇ ಇತ್ತು. ದಿನವೂ ಅದನ್ನು ಆಚೆ ಸರಿಸಿ ತಟ್ಟೆ ಇಟ್ಟುಕೊಳ್ಳುತ್ತಿದ್ದೆ.

ನೀನು ಕ್ಷಮೆ ಕೇಳಬೇಡ. ಇನ್ನೊಂದು ಸಲ ಬರೆದರೂ ಆ ಮಾತು ಬರೆಯಬೇಡ. ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ.

ಪ್ರವಾಸದ ಬಗ್ಗೆ ಯೋಚಿಸಿದೆ. ಬರಬಹುದು. ಆದರೆ ದಾರಿ ಸ್ವಲ್ಪ ಬದಲಿಸೋಣ. ಕೊರಿನಾದಿಂದ ಆಚೆಗೆ ಜಲ್ಲಿ ರಸ್ತೆ, ನೂರು ಕಿಲೋಮೀಟರ್ ಒಂದು ಮನೆಯಿಲ್ಲ, ಚಕ್ರ ಒಡೆದರೆ ಫೋನೂ ಸಿಗುವುದಿಲ್ಲ. ಅದರ ಬದಲು ಸ್ಟ್ರಾನ್‌ನಿಂದ ಕ್ರೇಡಲ್ ಬೆಟ್ಟಕ್ಕೆ ಹೋಗಿ, ಅಲ್ಲಿಂದ ನೇರ ಸ್ಟ್ಯಾನ್ಲಿಗೆ ಇಳಿಯಬಹುದು. ಬೆಟ್ಟದ ಮೇಲೆಯೂ ವಾಂಬ್ಯಾಟ್ ಇವೆ. ಆರ್ಥರ್ ರಿವರ್‌ನಲ್ಲಿ ನಮಗೆ ಇನ್ನೇನಿದೆ? ಗಾಳಿ ಒಂದೇ.

ಸಂಜೆ ನಾಲ್ಕರ ಮೇಲೆ ವ್ಯಾನ್ ಓಡಿಸುವುದು ಬೇಡ. ಅದು ನನ್ನ ಷರತ್ತು.

ನೋಲಾ


ಬಿಚೆನೋ
12 ಮಾರ್ಚ್ 2013

ನನ್ನ ಪ್ರೀತಿಯ ಮೊಂಡಿ ನೋಲಾ,

ಬರುತ್ತೇನೆ ಎಂದಿದ್ದೀಯ! ಆ ಒಂದು ಸಾಲನ್ನು ನನ್ನ ತಂಗಿ ಮೇವಿಸ್‌ಗೆ ಮೂರು ಸಲ ಓದಿ ಹೇಳಿದೆ. "ಮದ್ವೆ ಗಂಡು ಒಪ್ಪಿದ ಹಾಗೆ ಕುಣೀತಿದೀಯಲ್ಲೇ" ಎಂದು ಅವಳು ನಕ್ಕಳು.

ನಾಲ್ಕರ ಷರತ್ತು ಒಪ್ಪಿದೆ. ಪ್ರಾಣಿಗಳು ರಸ್ತೆಗೆ ಬರುವ ಮುಸ್ಸಂಜೆಯಲ್ಲಿ ಗಾಡಿ ಓಡಿಸುವವರು ಹೊರಗಿನಿಂದ ಬಂದ ಪ್ರವಾಸಿಗಳು ಮಾತ್ರ. ಆದರೆ ಕ್ರೇಡಲ್ ಬೆಟ್ಟದ ಮಾತು ಬಿಡು. ಪಶ್ಚಿಮದ ಕಡಲು ಬಿಟ್ಟು ದ್ವೀಪ ಸುತ್ತುವುದೆಂದರೆ ಮದುಮಗಳಿಲ್ಲದ ಮದುವೆ. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ನನಗೆ ಅರ್ಥವಾಗುವುದಿಲ್ಲ ಅಂದುಕೊಂಡೆಯಾ? ಆ ರಸ್ತೆ ನೋಡಿದರೆ ನನ್ನ ಎದೆ ಒಡೆದೀತೆಂದು ನಿನಗೆ ಹೆದರಿಕೆ. ಅಷ್ಟು ದೂರದಿಂದಲೂ ನನ್ನನ್ನು ಕಾಯುತ್ತಿದ್ದೀಯಲ್ಲ ಎಂದು ಕಣ್ಣು ತುಂಬಿತು.

ಆದರೆ ನೋಲಾ, ನಾನು ಹೋಗಬೇಕಾಗಿರುವುದೇ ಅಲ್ಲಿಗೆ. ಮರ್ವ್ ಬಿದ್ದ ಜಾಗವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆಗ ಯಾರೂ ಬಿಡಲಿಲ್ಲ, ಆಮೇಲೆ ನನಗೇ ಧೈರ್ಯ ಬರಲಿಲ್ಲ. ಮಣ್ಣು ಮುಗಿದ ವಾರವೇ ಇಲ್ಲಿಗೆ ಓಡಿಬಂದೆ. ಹೆಂಡತಿಯಾಗಿ ಅಲ್ಲಿ ಒಂದು ಸಲ ನಿಲ್ಲಲಿಲ್ಲ ಎಂಬುದು ನನ್ನನ್ನು ತಿನ್ನುತ್ತದೆ. ಆ ನೆಲದ ಮೇಲೆ ಕೈ ಇಟ್ಟು ಬರಬೇಕು.

ನನಗೆ ಇರುವ ಸಮಾಧಾನ ಒಂದೇ. ಅವನ ಪಕ್ಕದಲ್ಲಿ ಸತ್ತು ಬಿದ್ದಿದ್ದ ಹೆಣ್ಣು ವಾಂಬ್ಯಾಟಿನ ಮೇಲೆ, ಚೀಲ ನೋಡಿಯಾಗಿದೆ ಎಂದು ನಾವೆಲ್ಲ ಬಣ್ಣದಲ್ಲಿ ಹಾಕುವ ಹಳದಿ ಇಂಟು ಇತ್ತೆಂದು ಪೊಲೀಸಿನವನು ಹೇಳಿದ್ದ. ಅಂದರೆ ಮರ್ವ್ ಗಾಡಿ ನಿಲ್ಲಿಸಿ, ಅದರ ಹೊಟ್ಟೆಯ ಚೀಲದಲ್ಲಿ ಮರಿ ಇದೆಯೇ ಎಂದು ನೋಡಿ, ಗುರುತು ಹಾಕಿ, ರಸ್ತೆಯಿಂದ ಆಚೆಗೆ ಎಳೆಯುತ್ತಿದ್ದಾಗ ಲಾರಿ ಬಂದಿದೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜೀವವಲ್ಲ ಅದು. ಸಾಯುವಾಗಲೂ ತನ್ನ ಇಂಟು ತಾನು ಹಾಕಿಯೇ ಹೋದ. ನಿದ್ದೆ ಬಾರದಾಗೆಲ್ಲ ಆ ಇಂಟನ್ನು ನೆನೆಸಿಕೊಂಡು ಮಲಗುತ್ತೇನೆ.

ನೀನು ಪಕ್ಕದಲ್ಲಿದ್ದರೆ ನಿಲ್ಲಬಲ್ಲೆ. ಒಬ್ಬಳೇ ಆಗದು.

ಬೆರಿಲ್


ಡೋವರ್
2 ಏಪ್ರಿಲ್ 2013

ಬೆರಿಲ್,

ಆಯಿತು, ನೀನು ಹೇಳಿದ ದಾರಿಯೇ ಇರಲಿ.

ಏನೇನು ತರಬೇಕೆಂದು ಬರೆಯುತ್ತೇನೆ. ಎರಡು ದಪ್ಪ ಕಂಬಳಿ ನನ್ನ ಹತ್ತಿರ ಇವೆ. ದುರ್ಬೀನು ಇದೆ, ಒಂದು ಕಣ್ಣು ಮಸುಕು. ಕ್ಲೈವ್ ಒಂದು ಪೆಟ್ಟಿಗೆ ಸೇಬು ಕೊಡುತ್ತಾನಂತೆ. ಕುರಿ ಮಾಂಸದ ಕಡುಬನ್ನು ಮೊದಲ ದಿನಕ್ಕೆ ನಾನೇ ಮಾಡಿ ತರುತ್ತೇನೆ. ನಿನ್ನ ಮಂಡಿಗೆ ಹಚ್ಚುವ ಮುಲಾಮು ನೀನೇ ತಾ. ನರಾನ್‌ಟಾಪುವಿನಲ್ಲಿ ಡೇರೆ ಹಾಕುವ ಜಾಗಕ್ಕೆ ಮೊದಲೇ ಬರೆಯಬೇಕಂತೆ, ಬರೆದಿದ್ದೀಯಾ? ಶಿಯರ್‌ವಾಟರ್ ಹಕ್ಕಿಯ ಮರಿಗಳು ತಿಂಗಳ ಕೊನೆಗೆ ಹಾರಿಹೋಗುತ್ತವೆ, ಸ್ಟ್ಯಾನ್ಲಿಯಲ್ಲಿ ಸಿಕ್ಕರೆ ಅದೃಷ್ಟ.

ಇನ್ನೂ ಏನೋ ಬರೆಯಬೇಕೆಂದಿದ್ದೆ. ಮೂರು ಹಾಳೆ ಒಲೆಗೆ ಹಾಕಿದೆ. "ಯಾರಿಗ್ ಬರೀತಿದೀಯೆ, ರಾಣಿಗಾ?" ಎಂದು ಕ್ಲೈವ್ ತಮಾಷೆ ಮಾಡಿದ. ಮುಖ ನೋಡಿ ತಾನೇ ಚಹಾಕ್ಕೆ ನೀರಿಟ್ಟ.

ಮರ್ವ್ ಬಿದ್ದ ಆ ತಿರುವಿನಲ್ಲಿ ನೀನೊಬ್ಬಳೇ ಇಳಿದರೆ ಒಳ್ಳೆಯದಲ್ಲವೇ? ನಾನು ವ್ಯಾನಿನಲ್ಲೇ ಕೂತಿರುತ್ತೇನೆ.

ನೋಲಾ


ಬಿಚೆನೋ
9 ಏಪ್ರಿಲ್ 2013

ನೋಲಾ,

ನೀನು ವ್ಯಾನಿನಲ್ಲಿ ಕೂರುವ ಮಾತೇ ಇಲ್ಲ, ಕೈ ಹಿಡಿದು ಎಳೆದುಕೊಂಡು ಹೋಗುತ್ತೇನೆ. ಇಪ್ಪತ್ತನೇ ತಾರೀಖು ಶನಿವಾರ, ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತೇನೆ. ಡೇರೆಯ ಜಾಗಕ್ಕೆ ಬರೆದಾಗಿದೆ. ಮೇವಿಸ್ ನನಗೊಂದು ಟೋಪಿ ಹೆಣೆದಿದ್ದಾಳೆ, ಹಾಕಿಕೊಂಡರೆ ಅಣಬೆಯ ಹಾಗೆ ಕಾಣುತ್ತೇನೆ.

ಇವತ್ತು ಬೆಳಗ್ಗೆಯಿಂದ ತಲೆ ಕೆಟ್ಟಿದೆ. ನಿನಗಲ್ಲದೆ ಯಾರಿಗೆ ಹೇಳಲಿ? ಪೇಟೆಗೆ ಹೋಗುವಾಗ ರಸ್ತೆಯ ನಡುವೆ ಒಂದು ವಾಲಬಿ ಸತ್ತು ಬಿದ್ದಿತ್ತು. ಹತ್ತಿರ ಹೋದರೆ ಬೆನ್ನ ಮೇಲೆ ಇಂಟು! ಯಾರೋ ಮಹಾನುಭಾವರು ಚೀಲ ನೋಡಿ, ಬಣ್ಣ ಹೊಡೆದು, ಅಲ್ಲೇ ಬಿಟ್ಟು ಹೋಗಿದ್ದಾರೆ. ಅದನ್ನು ತಿನ್ನಲು ಬಂದ ಡೆವಿಲ್, ಆ ಪುಟ್ಟ ಕರಿ ಪ್ರಾಣಿ, ಪಕ್ಕದಲ್ಲೇ ಜಜ್ಜಿಹೋಗಿತ್ತು. ಎಳೆದು ಪೊದೆಗೆ ಹಾಕಲು ಎರಡು ನಿಮಿಷ ಸಾಕು. ನಿಲ್ಲಿಸದೇ ಹೋಗುವವರಿಗೆ ಗೊತ್ತಿಲ್ಲ, ಬಿಡು. ಗೊತ್ತಿದ್ದವರು ನಿಲ್ಲಿಸಿ, ಇಂಟು ಹಾಕಿ, ಅಲ್ಲೇ ಬಿಟ್ಟರೆ ಅದು ಕೊಲೆ. "ಯಾವನೋ ಕತ್ತೆ! ಕೈಗ್ ಕೆಸ್ರಾಗ್ಬಾರ್ದು, ಪುಣ್ಯ ಮಾತ್ರ ಬೇಕು ಇವ್ಕೆ" ಎಂದು ರಸ್ತೆಯಲ್ಲೇ ನಿಂತು ಕೂಗಾಡಿದೆ. ಹಾಲಿನ ಗಾಡಿಯವನು ಹೆದರಿ ಸುತ್ತು ಹಾಕಿಕೊಂಡು ಹೋದ.

ಮರ್ವ್ ಇದ್ದಿದ್ದರೆ ಏನನ್ನುತ್ತಿದ್ದನೋ.

ಇನ್ನು ಹನ್ನೊಂದೇ ದಿನ!

ಬೆರಿಲ್


ಡೋವರ್
13 ಏಪ್ರಿಲ್ 2013

ಬೆರಿಲ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿನ್ನ ಕಾಗದ ಓದಿ ನಾನು ಅದನ್ನೇ ಮಾಡಿದೆ. ಇನ್ನು ಮುಟ್ಟಿ ನೋಡಿಕೊಳ್ಳುವುದಿಲ್ಲ, ಹೇಳಿಬಿಡುತ್ತೇನೆ. ನಿಂತುಕೊಂಡು ಓದಬೇಡ, ಕೂತುಕೋ.

ಆ ಇಂಟು ಮರ್ವ್ ಹಾಕಿದ್ದಲ್ಲ. ನಾನು ಹಾಕಿದ್ದು.

ಅವತ್ತು ಆಗಸ್ಟ್ ಇಪ್ಪತ್ತು, ಶುಕ್ರವಾರ. ಮರಾವಾದ ಸಭಾಂಗಣದಲ್ಲಿ ಊಟದ ಕೂಟ. ನೀನು ಮಧ್ಯಾಹ್ನವೇ ಅಡುಗೆಗೆಂದು ಹೋಗಿದ್ದೆ. ನಾನು ಬೆಳಗ್ಗೆ ಸ್ಮಿತ್‌ಟನ್‌ಗೆ ಹೋಗಿ ಕೂದಲು ಸುರುಳಿ ಮಾಡಿಸಿಕೊಂಡು ಬಂದಿದ್ದೆ. ಎಷ್ಟೋ ವರ್ಷದ ಮೇಲೆ ನನಗೊಂದು ಆಸೆ. ಮನೆಗೆ ಬಂದು ಮರಿಗಳಿಗೆ ಹಾಲು ಕುಡಿಸಿ, ಬಿಳಿ ಸ್ವೆಟರ್ ಹಾಕಿಕೊಂಡು, ನಾಲ್ಕೂವರೆಗೆ ಹೊರಟೆ. ಹೊರಡುವಾಗ ಬೇಲಿಯಾಚೆಯಿಂದ ಮರ್ವ್ ಕೂಗಿದ. "ಏನ್ ನೋಲಾ, ಸಿನಿಮಾದೋರ್ ಕರೆದ್ರಾ? ನಡಿ ನಡಿ, ಒಂದರ್ಧ ಗಂಟೆ, ನಾನೂ ಬಂದೆ!" ಅಂದ.

ತಿರುವಿನಲ್ಲಿ ಆ ಹೆಣ್ಣು ವಾಂಬ್ಯಾಟ್ ಬಿದ್ದಿತ್ತು, ನಾವು ಹೋಗುವ ಬದಿಯ ಸರಿ ಮಧ್ಯದಲ್ಲಿ. ಆಗತಾನೇ ಸತ್ತದ್ದು, ಮೈ ಬಿಸಿ ಇತ್ತು. ಇಳಿದು ಚೀಲ ನೋಡಿದೆ. ಖಾಲಿ. ಇಂಟು ಹಾಕಿದೆ. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಅದು ಮೂವತ್ತು ಕಿಲೋ ತೂಗುತ್ತಿತ್ತು, ರಕ್ತ, ಕೆಸರು. ಎಳೆದರೆ ಸ್ವೆಟರ್ ಹಾಳು, ನಿಂತರೆ ಕೂದಲು ಹಾಳು. ಹಿಂದೆ ಬರುವ ಯಾರಾದರೂ ಎಳೆಯುತ್ತಾರೆ ಬಿಡು ಅಂದುಕೊಂಡೆ. ಹಿಂದೆ ಬರುವವನು ಮರ್ವ್ ಎಂದು ನನಗೆ ಗೊತ್ತಿತ್ತು. ಆ ರಸ್ತೆಯಲ್ಲಿ ಆ ಹೊತ್ತಿಗೆ ಬೇರೆ ಯಾರಿದ್ದರು? "ಮರ್ವ್ ನೋಡ್ಕೋತಾನೆ" ಎಂದು ಬಾಯಿಬಿಟ್ಟು ಹೇಳಿಕೊಂಡೆ, ಕಾರಿನಲ್ಲಿ, ಕನ್ನಡಿಯಲ್ಲಿ ಕೂದಲು ನೋಡಿಕೊಳ್ಳುತ್ತಾ.

ಸಭಾಂಗಣಕ್ಕೆ ಬಂದಾಗ ನೀನು ಆಲೂಗಡ್ಡೆಯ ಬೋಗುಣಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಅಯ್ಯೋ, ಯಾರೇ ಇವ್ಳು! ಕೂದ್ಲು ಎಷ್ಟ್ ಚೆನ್ನಾಗ್ ಕಾಣ್ತಿದೆಯೇ!" ಎಂದು ಎಲ್ಲರನ್ನೂ ಕರೆದು ತೋರಿಸಿದೆ. ಐದೂವರೆ ಆಯಿತು, ಆರಾಯಿತು. ಯಾರೋ ಮರ್ವ್ ಎಲ್ಲಿ ಎಂದಾಗ ನೀನು, "ಇನ್ನೇನು, ದಾರೀಲಿ ಯಾವ್ಳೋ ಚೀಲದೋಳು ಸಿಕ್ಕಿರ್ತಾಳೆ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪೊಲೀಸಿನವನು ಬಂದ.

ಅವನು ಇಂಟಿನ ಮಾತು ಹೇಳಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಆದರೆ ನೀನು, "ನೋಡಿದ್ರಾ, ಕೆಲ್ಸ ಮುಗಿಸ್ತಾ ಇದ್ರು ನಮ್ಮೋರು" ಎಂದು ಅಳುತ್ತಾ ಅದನ್ನೇ ಹಿಡಿದುಕೊಂಡೆ. ಬಣ್ಣದ ಡಬ್ಬಿ ಎಲ್ಲೂ ಸಿಗಲಿಲ್ಲ, ಪೊದೆಗೆ ಹಾರಿರಬೇಕು ಎಂದರು. ಡಬ್ಬಿ ನನ್ನ ಕಾರಿನಲ್ಲಿತ್ತು. ಮಣ್ಣಿನ ದಿನ ನೀನು "ನಿನ್ನಿಂದ್ಲೇ ಹೋದ್ರು" ಎಂದಾಗ ನಿನಗೆಲ್ಲ ತಿಳಿಯಿತೆಂದೇ ನಾನು ಭಾವಿಸಿದೆ. ತಿಳಿದಿಲ್ಲ ಎಂದು ಗೊತ್ತಾದ ಮೇಲೆ ಬದುಕಿದೆನಪ್ಪಾ ಅನಿಸಿತು. ಅದು ನನ್ನ ಎರಡನೇ ಪಾಪ. ಒಂಬತ್ತು ವರ್ಷ ನಿನ್ನ ಮಾತಿನಿಂದ ನೊಂದವಳ ಹಾಗೆ ದೂರ ಕುಳಿತೆ, ತಪ್ಪೆಲ್ಲ ನಿನ್ನ ತಲೆಯ ಮೇಲಿರಲಿ ಎಂದು ಬಿಟ್ಟೆ. ಅದು ಮೂರನೆಯದು. ಮೂರರಲ್ಲಿ ಇದೇ ನನಗೆ ಹೆಚ್ಚು ಅಸಹ್ಯ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತಕ್ಕೆ ನೀನು ಬರದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ.

ನೋಲಾ


ಡೋವರ್
30 ಏಪ್ರಿಲ್ 2013

ಬೆರಿಲ್,

ನೀನು ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಇಪ್ಪತ್ತಕ್ಕೆ ಎಂಟೂವರೆಯಿಂದ ಕಂಬಳಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಹನ್ನೆರಡಕ್ಕೆ ಕ್ಲೈವ್ ಬಂದು, "ಒಳಗ್ ಬಾರೇ ಅಕ್ಕಾ, ಕಡುಬು ಆರ್ತಿದೆ, ಇಬ್ರೂ ತಿನ್ನೋಣ" ಎಂದ. ಅವನಿಗೂ ಎಲ್ಲ ಹೇಳಿದೆ. ಅವನು ತಟ್ಟೆ ಬಿಟ್ಟು ಎದ್ದು ತೋಟಕ್ಕೆ ಹೋದ.

ಉತ್ತರ ಬೇಕೆಂದು ಬರೆಯುತ್ತಿಲ್ಲ.

ನೋಲಾ


ಬಿಚೆನೋ
16 ಜೂನ್ 2013

ನೋಲಾ,

ನಿನ್ನ ಕಾಗದ ಓದಿದ ದಿನ ಮೇವಿಸ್‌ಳ ಚಹಾದ ಕಪ್ಪುಗಳಲ್ಲಿ ನಾಲ್ಕನ್ನು ಒಡೆದೆ. ಬೇಕೆಂದೇ ಒಡೆದೆ. ಅವಳು ಐದನೆಯದನ್ನು ಕೈಗೆ ಕೊಟ್ಟು, "ಇದೂ ತಗೋ, ಸೆಟ್ ಹೆಂಗೂ ಹಾಳಾಯ್ತು" ಎಂದಳು.

ವಾಂಬ್ಯಾಟನ್ನು ಅಲ್ಲೇ ಬಿಟ್ಟದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಮಳೆ ಬರುವಾಗ, ಹೊಸ ಕೂದಲಿರುವಾಗ, ನಾನಾದರೂ ಬಿಡುತ್ತಿದ್ದೆನೇನೋ. ಬಿಡುತ್ತಿರಲಿಲ್ಲ ಎಂದು ಆಣೆ ಇಟ್ಟು ಹೇಳಲಾರೆ. ಆದರೆ ಆ ಇಂಟು! ಒಂಬತ್ತು ವರ್ಷ ನಾನು ಅಪ್ಪಿಕೊಂಡು ಮಲಗಿದ ಆ ಇಂಟು ನಿನ್ನದು. ನನ್ನ ಗಂಡನದು ಅಂತ ಇದ್ದ ಒಂದೇ ಒಂದನ್ನೂ ನೀನು ತೆಗೆದುಕೊಂಡೆ. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ದಿನ ಅನಿಸುತ್ತದೆ, ಮರುದಿನ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಿನ್ನ ಕೂದಲು ಹಿಡಿದು ಎಳೆಯುವ ಹಾಗಾಗುತ್ತದೆ. ನೀನು ದೂರ ಇರುವುದು ನಿನ್ನ ಪುಣ್ಯ.

ಇಪ್ಪತ್ತಕ್ಕೆ ನಾನು ಹೊರಟೆ. ನಿನ್ನ ಕಡೆಗಲ್ಲ, ಉತ್ತರಕ್ಕೆ, ಒಬ್ಬಳೇ. ಬೇ ಆಫ್ ಫೈರ್ಸ್‌ನಲ್ಲಿ ಬಂಡೆಗಳೆಲ್ಲ ಕೇಸರಿ, ಕಡಲೆಲ್ಲ ನೀಲಿ. ನೋಡಿ ಏನೂ ಅನಿಸಲಿಲ್ಲ. ನರಾನ್‌ಟಾಪುವಿನಲ್ಲಿ ಒಂದು ತಾಯಿ ವಾಂಬ್ಯಾಟ್ ತನ್ನ ಮರಿಯ ಜೊತೆ ವ್ಯಾನಿನ ಪಕ್ಕದಲ್ಲೇ ಮೇಯುತ್ತಿತ್ತು. ಮಕ್ಕಳಿರುವ ಒಂದು ಸಂಸಾರದವರು, "ಅಜ್ಜಿ, ಬನ್ನಿ, ಎಷ್ಟ್ ಮುದ್ದಾಗಿದೆ ನೋಡಿ" ಎಂದು ಕರೆದರು. ನಾನು ವ್ಯಾನಿನ ಪರದೆ ಎಳೆದುಕೊಂಡು ಕೂತೆ. ಮೂರನೆಯ ದಿನ ಮರಾವಾ ದಾಟಿ ನಮ್ಮ ರಸ್ತೆಗೆ ತಿರುಗಿದೆ.

ರಸ್ತೆ ಇಲ್ಲ, ನೋಲಾ. ಅಂದರೆ ನಮ್ಮ ರಸ್ತೆ ಇಲ್ಲ. ಅಗಲ ಮಾಡಿ, ನೇರ ಮಾಡಿ, ಬಿಳಿ ಗೆರೆ ಎಳೆದಿದ್ದಾರೆ. ಹಳೆಯ ತಿರುವುಗಳೆಲ್ಲ ಆಚೀಚೆ ಪೊದೆಯಲ್ಲಿ ತುಂಡುತುಂಡಾಗಿ ಬಿದ್ದಿವೆ, ಮೇಲೆ ಹುಲ್ಲು. ಚರಂಡಿ ತೋಡುತ್ತಿದ್ದ ಒಬ್ಬನನ್ನು ಕೇಳಿದೆ. "ಯಾವ್ ತಿರುವು ತಾಯಿ? ಇಲ್ಲಿ ಮೂರಿದ್ವು."

"ಒಬ್ರು ತೀರ್ಕೊಂಡ್ರಲ್ಲ, ಲಾರಿಗೆ ಸಿಕ್ಕಿ."

"ಮೂರ್ರಲ್ಲೂ ಸತ್ತಿದಾರೆ. ಅದ್ಕೇ ನೇರ ಮಾಡಿದ್ದು" ಎಂದ.

ಮೂರರಲ್ಲೂ ಹೋಗಿ ನಿಂತೆ. ಹೇಗೆ ನಿಂತೆ ಗೊತ್ತೇ? ಬಸ್ಸಿಗೆ ಕಾಯುವವಳ ಹಾಗೆ. ಮೊದಲನೆಯದರಲ್ಲಿ ಅಳು ಬಂತು, ಇದಲ್ಲವೇನೋ ಎನಿಸಿ ನಿಲ್ಲಿಸಿದೆ. ಎರಡನೆಯದರಲ್ಲಿ ಮೊಣಕಾಲೂರಿ ನೆಲ ಮುಟ್ಟಿದೆ, ಆಮೇಲೆ ಅದೂ ಅಲ್ಲವೇನೋ ಅನಿಸಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನಲ್ಲಿ ಏನೂ ಉಳಿದಿರಲಿಲ್ಲ. ಗಂಡ ಸತ್ತ ಜಾಗ ಯಾವುದೆಂದು ತಿಳಿಯದ ಹೆಂಡತಿ ನಾನು. ಆ ಲಾರಿಯವನು ಮುಂದಿನ ವರ್ಷವೇ ತೀರಿಕೊಂಡ, ಪೊಲೀಸಿನವನು ಎಲ್ಲಿಗೋ ವರ್ಗವಾದ, ಕಾಗದಪತ್ರದಲ್ಲಿ "ಮರಾವಾಕ್ಕೂ ಆರ್ಥರ್ ರಿವರ್‌ಗೂ ನಡುವೆ" ಎಂದಷ್ಟೇ ಇದೆ.

ಹಾಗಾಗಿ ಬರೆಯುತ್ತಿದ್ದೇನೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಕ್ಷಮಿಸುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ನೀನೂ ಕೇಳಬೇಡ. ಆದರೆ ಆ ಜಾಗದಲ್ಲಿ ಇಳಿದು ಆ ಪ್ರಾಣಿಯ ಮೇಲೆ ಕೈಯಿಟ್ಟವರು ಇಬ್ಬರೇ. ಒಬ್ಬ ಇಲ್ಲ.

ಸೆಪ್ಟೆಂಬರ್ ಏಳಕ್ಕೆ ಬೆಳಗ್ಗೆ ಒಂಬತ್ತಕ್ಕೆ ಬರುತ್ತೇನೆ. ವ್ಯಾನಿನಲ್ಲಿ ಮಾತು ಬೇಡ. ಕಡಲು ತೋರಿಸಬೇಡ, ಹಕ್ಕಿ ತೋರಿಸಬೇಡ. ಜಾಗ ಬಂದಾಗ "ನಿಲ್ಸು" ಎಂದು ಹೇಳು, ಸಾಕು.

ಬೆರಿಲ್